ಸೋತಿದ್ದು ನಾವೇ ಸ್ವಾಮಿ!

2025ರ ನವೆಂಬರ್ ಒಂದು, ಶನಿವಾರ. ಟೊರಾಂಟೋದಲ್ಲಿ ನಮ್ಮವರ ರಾಜ್ಯೋತ್ಸವ ಮುಗಿಸಿ, ಹೊಟ್ಟೆ ಬಿರಿಯುವಷ್ಟು ಬಿಸಿಬೇಳೆಬಾತ್ ತಿಂದು, ಕುತ್ತಿಗೆಯಲ್ಲಿದ್ದ ಹಳದಿ-ಕೆಂಪು ಶಲ್ಯ ತೆಗೆಯುವಷ್ಟೂ ಪುರುಸೊತ್ತಿಲ್ಲದೆ ಬೇಸ್‌ಬಾಲ್ ನೋಡೋಕೆ ಓಡಿದವನು ನಾನು. ಮಧ್ಯರಾತ್ರಿ ದಾಟುವ ತನಕ ಕಿರುಚಾಡಿ, ಕೊನೆಗೆ ಸೋತು, ಭಾನುವಾರ ಪೂರ್ತಿ ಗಂಟಲು ಕಟ್ಟಿಕೊಂಡು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದವನೂ ನಾನೇ.

ಭಾನುವಾರ ಸಂಜೆ ನಮ್ಮ ಬಳಗದ ಹಿರಿಯರೊಬ್ಬರು ಫೋನ್ ಮಾಡಿದ್ರು. ಪಾತ್ರೆ ವಾಪಸ್ ಕೊಡೋ ವಿಷಯ. ನನ್ನ ದನಿ ಕೇಳಿ "ಯಾಕಪ್ಪಾ, ಹುಷಾರಿಲ್ವಾ?" ಅಂದ್ರು. "ಇಲ್ಲ ಸಾರ್, ನಿನ್ನೆ ನಾವು ಸೋತುಬಿಟ್ವಲ್ಲ" ಅಂದೆ. ಆ ಕಡೆ ಎರಡು ಕ್ಷಣ ಮೌನ. ಆಮೇಲೆ ಶುರುವಾಯ್ತು ಮಂಗಳಾರತಿ.

"ನಾವು ಅಂದ್ರೆ ಯಾರಯ್ಯಾ? ಯಾವುದೋ ದೇಶದ ಆಟ. ಆಡೋರು ದುಡ್ಡಿಗೆ ಬಂದ ಬಾಡಿಗೆ ಆಟಗಾರರು. ನೀನು ಈ ಊರಿಗೆ ಬಂದು ಮೂರು ವರ್ಷ ಆಗಿಲ್ಲ. ಅದರಲ್ಲಿ 'ನಾವು' ಎಲ್ಲಿಂದ ಬಂತು?"

ಬೆಂಗಳೂರಿನ ಗೆಳೆಯ ಇನ್ನೂ ಚುಟುಕಾಗಿ ಮುಗಿಸಿದ: "ಮಗಾ, ಆಗಲೇ ಕೆನಡಾದವನಾಗಿಬಿಟ್ಯಲ್ಲೋ!"

ಅವತ್ತು ಗಂಟಲು ಕಟ್ಟಿದ್ದರಿಂದ ಉತ್ತರ ಕೊಡೋಕಾಗಲಿಲ್ಲ. ಈಗ ಗಂಟಲು ಸರಿಯಾಗಿದೆ. ಇದು ಅವರಿಬ್ಬರಿಗೆ ಮಾತ್ರ ಅಲ್ಲ, ಆಟ ನೋಡಿ ಕುಣಿಯೋರನ್ನು ಕಂಡ ತಕ್ಷಣ "ಕೆಲಸವಿಲ್ಲದವರು" ಅಂತ ಬ್ಲಾಗು ಕುಟ್ಟುವ ನಮ್ಮಲ್ಲಿನ ಎಲ್ಲ ಜಾಣರಿಗೂ.

ಮೊದಲು ಅವತ್ತು ಏನಾಯ್ತು ಅಂತ ಹೇಳಿಬಿಡ್ತೀನಿ. ಬೇಸ್‌ಬಾಲ್ ಗೊತ್ತಿಲ್ಲದವರು ಹೆದರಬೇಡಿ, ಮೂರು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಒಂಬತ್ತು ಇನಿಂಗ್ಸು. ಪ್ರತಿ ಇನಿಂಗ್ಸಿನಲ್ಲಿ ಎರಡೂ ತಂಡಕ್ಕೆ ಮೂರು ಮೂರು ಔಟು. ಚೆಂಡು ಎಸೆಯುವವನು ಪಿಚರ್. ಮೂರು ಬೇಸ್ ದಾಟಿ, ಹೊರಟ ಮನೆಗೇ ವಾಪಸ್ ಬಂದರೆ ಒಂದು ರನ್. ಬೇಲಿ ದಾಟಿಸಿ ಹೊಡೆದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದಂತೆ. ಒಂಬತ್ತಕ್ಕೂ ಸಮ ಆದರೆ ಹತ್ತು, ಹನ್ನೊಂದು... ಯಾರಾದರೂ ಗೆಲ್ಲುವವರೆಗೆ. ಡ್ರಾ ಇಲ್ಲ, ಬೆಳಕಿಲ್ಲ ಅಂತ ಎದ್ದು ಹೋಗೋ ಹಾಗಿಲ್ಲ.

ವರ್ಲ್ಡ್ ಸೀರೀಸ್ ಅಂದರೆ ಏಳು ಪಂದ್ಯಗಳ ಫೈನಲ್. ನಾಲ್ಕು ಗೆದ್ದವರಿಗೆ ಕಪ್. (ಮೂವತ್ತೇ ತಂಡ, ಅದರಲ್ಲಿ ಇಪ್ಪತ್ತೊಂಬತ್ತು ಅಮೆರಿಕದ್ದು, ಆದರೂ ಹೆಸರು ಮಾತ್ರ ವರ್ಲ್ಡ್! ನಗೋದಿದ್ರೆ ನಕ್ಕುಬಿಡಿ, ಅದರಲ್ಲಿ ನನ್ನದೂ ಒಂದು ಪಾಲಿದೆ.) ಆ ಉಳಿದ ಒಂದು ತಂಡವೇ ನಮ್ಮ ಟೊರಾಂಟೋ ಬ್ಲೂ ಜೇಸ್. ಮಾಂಟ್ರಿಯಲ್‌ನ ಎಕ್ಸ್‌ಪೋಸ್ ತಂಡ 2005ರಲ್ಲಿ ವಾಷಿಂಗ್ಟನ್ನಿಗೆ ಗಂಟುಮೂಟೆ ಕಟ್ಟಿದ ಮೇಲೆ ಇಡೀ ಕೆನಡಾಕ್ಕೆ ಇದೊಂದೇ. 1992 ಮತ್ತು 1993ರಲ್ಲಿ ಕಪ್ ಗೆದ್ದಿದ್ದು. ಆಮೇಲೆ 32 ವರ್ಷ ಫೈನಲ್ಲಿನ ಮುಖ ನೋಡಿಲ್ಲ. 2024ರಲ್ಲಂತೂ ತಮ್ಮ ವಿಭಾಗದಲ್ಲೇ ಕಟ್ಟಕಡೆಯ ಸ್ಥಾನ. ಅಂಥವರು 2025ರಲ್ಲಿ ಹಿಂದಿನ ವರ್ಷದ ಚಾಂಪಿಯನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು ಬಂದು ನಿಂತರು. ಮೂರನೇ ಪಂದ್ಯ 18 ಇನಿಂಗ್ಸ್ ನಡೆದು, ಇಲ್ಲಿ ಬೆಳಗಿನ ಜಾವ ಮೂರರ ಹತ್ತಿರ ಸೋತಿದ್ದೆವು. ಆರು ಪಂದ್ಯ ಮುಗಿದಾಗ ಮೂರು-ಮೂರು. ಏಳನೆಯದು ನಮ್ಮ ಊರಲ್ಲೇ.

ಶುರುವಿನಲ್ಲಿ ಹಬ್ಬ. ಮಂಡಿ ನೋವಿನಿಂದ ವಾರಗಟ್ಟಲೆ ಹೊರಗೆ ಕೂತಿದ್ದ ಬೋ ಬಿಶೆಟ್, ಮೂರನೇ ಇನಿಂಗ್ಸಿನಲ್ಲಿ ಒಹ್ತಾನಿಯ ಚೆಂಡನ್ನು ಬೇಲಿಯಾಚೆ ಅಟ್ಟಿದ. ಮೂರು ರನ್! ನಾನಿದ್ದ ಬಾರಿನಲ್ಲಿ ಯಾರದ್ದೋ ಬಿಯರ್ ನನ್ನ ಜುಬ್ಬಾ ಮೇಲೆ. ಬೇಜಾರೇ ಆಗಲಿಲ್ಲ. ಆರು ಇನಿಂಗ್ಸ್ ಕಳೆದಾಗ 4-3 ಕೂಡ ಅಲ್ಲ, 4-2. ಎಂಟರಲ್ಲಿ ಮ್ಯಾಕ್ಸ್ ಮನ್ಸಿ ಒಂದು ಹೊಡೆದು 4-3 ಮಾಡಿದ. ಒಂಬತ್ತನೇ ಇನಿಂಗ್ಸಿಗೆ ಬಂತು. ಮೊದಲ ಔಟ್ ಆಯ್ತು. ಇನ್ನೆರಡು ಔಟ್, ಬರೀ ಎರಡು! ಎಲ್ಲರೂ ಎದ್ದು ನಿಂತಿದ್ದಾರೆ. ಆಗ ಬ್ಯಾಟ್ ಹಿಡಿದು ಬಂದಿದ್ದು ಮಿಗೆಲ್ ರೋಹಾಸ್. 36 ವರ್ಷದವನು, ಹೊಡೆತಕ್ಕಿಂತ ಫೀಲ್ಡಿಂಗಿಗೆ ಹೆಸರಾದವನು, ಬ್ಯಾಟಿಂಗ್ ಸರದಿಯಲ್ಲಿ ಕಟ್ಟಕಡೆಯವನು. ಅವನು ಹೊಡೆದುಬಿಟ್ಟ. 4-4.

ಅದೇ ಒಂಬತ್ತರಲ್ಲಿ ನಮ್ಮ ಸರದಿ. ಒಂದೇ ಔಟ್, ಮೂರೂ ಬೇಸಿನಲ್ಲಿ ನಮ್ಮವರು. ಒಂದು ರನ್ ಬಂದರೆ ಕಪ್. ಎಸೆಯುತ್ತಿದ್ದವನು ಯಮಮೊಟೊ, ಹಿಂದಿನ ರಾತ್ರಿಯಷ್ಟೇ 96 ಎಸೆತ ಎಸೆದಿದ್ದವನು. ವಾರ್ಶೋ ಹೊಡೆದ ಚೆಂಡು ನೆಲದ ಮೇಲೆ ಉರುಳಿತು, ಮತ್ತದೇ ರೋಹಾಸ್ ಹಿಡಿದು ಮನೆಯತ್ತ ಎಸೆದ. ನಮ್ಮ ಓಟಗಾರ ಜಾರಿಕೊಂಡು ಬಂದ. ಡಾಡ್ಜರ್ಸ್‌ನ ಕ್ಯಾಚರ್ ಕಾಲು ಪ್ಲೇಟಿನಿಂದ ಎದ್ದು ಮತ್ತೆ ಊರಿತು. ರೀಪ್ಲೇ ನೋಡಿದರು. ಔಟ್. ಗೇಣು ಅಲ್ಲ ಸ್ವಾಮಿ, ಬೆರಳುಗಳ ಲೆಕ್ಕ. ಮುಂದೆ ಬಂದವನು ಅರ್ನಿ ಕ್ಲೆಮೆಂಟ್. ಆ ವರ್ಷದ ಪೋಸ್ಟ್ ಸೀಸನ್ನಿನಲ್ಲಿ 30 ಹಿಟ್ ಹೊಡೆದು ದಾಖಲೆ ಮಾಡಿದ ಹುಡುಗ. ಎತ್ತಿ ಹೊಡೆದ. ಚೆಂಡು ಹೋಯ್ತು, ಹೋಯ್ತು... ಆಗಷ್ಟೇ ಬದಲಿಯಾಗಿ ಮೈದಾನಕ್ಕೆ ಬಂದಿದ್ದ ಆಂಡಿ ಪಾಹೆಸ್ ಓಡಿ ಬಂದು, ತನ್ನದೇ ತಂಡದವನಿಗೆ ಡಿಕ್ಕಿ ಹೊಡೆದು, ಅವನನ್ನು ಬೀಳಿಸಿ, ಚೆಂಡು ಹಿಡಿದ.

ಹನ್ನೊಂದನೇ ಇನಿಂಗ್ಸಿನಲ್ಲಿ ವಿಲ್ ಸ್ಮಿತ್ ಹೋಮ್ ರನ್. 5-4. ನಮ್ಮ ಸರದಿಯಲ್ಲಿ ಗೆರೆರೋ ಮೊದಲ ಹೊಡೆತಕ್ಕೇ ಎರಡನೇ ಬೇಸ್ ಮುಟ್ಟಿದ, ಮೂರನೆಯದಕ್ಕೂ ಬಂದ. ಮನೆಗೆ ಬರೋಕೆ ತೊಂಬತ್ತು ಅಡಿ ಬಾಕಿ. ಕರ್ಕ್‌ನ ಬ್ಯಾಟ್ ಮುರಿಯಿತು, ಚೆಂಡು ಬೆಟ್ಸ್ ಕೈಗೆ ಹೋಯ್ತು, ಒಂದೇ ಏಟಿಗೆ ಇಬ್ಬರು ಔಟ್. ಮುಗೀತು.

ಬಾರಿನಲ್ಲಿ ಅಂಥ ಮೌನವನ್ನು ನಾನು ಕಂಡಿರಲಿಲ್ಲ. ಅದೇ ರಾತ್ರಿ ಎರಡು ಗಂಟೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಚಳಿಗಾಲದ ಲೆಕ್ಕಕ್ಕೆ. ಅಂದರೆ ದುಃಖಪಡೋಕೆ ಒಂದು ಗಂಟೆ ಎಕ್ಸ್ಟ್ರಾ :-)

ಈಗ ಜಾಣರ ಪ್ರಶ್ನೆಗಳಿಗೆ ಬರೋಣ.

"ಹೈಲೈಟ್ಸ್ ನೋಡಿದ್ರೆ ಸಾಕಲ್ವಾ, ಇಡೀ ರಾತ್ರಿ ಯಾಕೆ?" ಹೈಲೈಟ್ಸಿನಲ್ಲಿ ಹೋಮ್ ರನ್ ಸಿಗುತ್ತೆ, ಭಯ ಸಿಗಲ್ಲ. ರೋಹಾಸ್ ಹೊಡೆತ ಐದು ಸೆಕೆಂಡಿನದ್ದು. ಅದು ಎದೆಗೆ ತಾಕಬೇಕಾದರೆ ಅದಕ್ಕೂ ಮುಂಚೆ ಮೂರು ಗಂಟೆ "ಇವತ್ತು ಗೆದ್ದೇ ಗೆಲ್ತೀವಿ" ಅಂತ ಕೂತಿರಬೇಕು. ಪ್ರೊಡಕ್ಷನ್ ಕೆಟ್ಟು ಬೆಳಗಿನ ಜಾವ ಮೂರರವರೆಗೆ ಕಾಲ್‌ನಲ್ಲಿ ಕೂತಾಗ ನಮ್ಮನ್ನು ಯಾರೂ ಸಮಯ ಹಾಳು ಮಾಡ್ತಿದ್ದೀಯ ಅಂತ ಬೈದಿಲ್ಲ. ಅದು ಡೆಡಿಕೇಶನ್ ಅಂತೆ!

"ಆಡೋರು ಬಾಡಿಗೆಯವರು." ಸರಿ. ಗೆರೆರೋ ಹುಟ್ಟಿದ್ದು ಅಪ್ಪ ಮಾಂಟ್ರಿಯಲ್ ತಂಡದಲ್ಲಿ ಆಡುತ್ತಿದ್ದಾಗ, ಬೆಳೆದಿದ್ದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಕರ್ಕ್ ಮೆಕ್ಸಿಕೋದವನು. ಕ್ಲೆಮೆಂಟ್ ಅಮೆರಿಕದವನು. ಗೆರೆರೋ 2025ರಲ್ಲಿ ಟೊರಾಂಟೋ ಜೊತೆ ಮಾಡಿಕೊಂಡ ಕರಾರು 14 ವರ್ಷ, 50 ಕೋಟಿ ಡಾಲರ್. ಬಾಡಿಗೆ ಅಂದ್ರಲ್ಲ ಸಾರ್, ನಾನು ಯಾರು? ನೀವು ಈ ದೇಶಕ್ಕೆ ಬಂದಿದ್ದು ತೀರ್ಥಯಾತ್ರೆಗಾ? ಸಂಬಳಕ್ಕೆ ಬಂದವರೇ ನಾವೆಲ್ಲ. ಅವನ ಕರಾರಿನ ಅರ್ಧದಷ್ಟು ಉದ್ದದ ಕರಾರೂ ನನ್ನ ಹತ್ತಿರ ಇಲ್ಲ. ದೆಹಲಿಯಲ್ಲಿ ಹುಟ್ಟಿದ ಕೊಹ್ಲಿ ಹದಿನೆಂಟು ಸೀಸನ್ ಬೆಂಗಳೂರಿನ ಅಂಗಿ ತೊಟ್ಟಾಗ ಅವನು ನಮ್ಮವನಾದ. ಆಗ ಯಾರೂ ರೇಷನ್ ಕಾರ್ಡ್ ಕೇಳಲಿಲ್ಲ.

ಇನ್ನು "ಮೂರು ವರ್ಷಕ್ಕೇ 'ನಾವು' ಎಲ್ಲಿಂದ ಬಂತು?" ನನಗೆ ಚುಚ್ಚಿದ್ದು ಇದು. ಯಾಕೆಂದರೆ ಇದನ್ನು ಕೇಳಿದವರೇ ಹಿಂದಿನ ಸಂಜೆ ವೇದಿಕೆ ಮೇಲೆ ನಿಂತು, ಬೆಂಗಳೂರಿಗೆ ಬಂದವರು ಹತ್ತು ವರ್ಷವಾದರೂ ಬೆಂಗಳೂರಿನವರಾಗುವುದಿಲ್ಲ, ನಮ್ಮ ಊರು ಅನ್ನುವುದಿಲ್ಲ ಅಂತ ಭಾಷಣ ಮಾಡಿದ್ದರು. ನಾನೂ ಚಪ್ಪಾಳೆ ತಟ್ಟಿದ್ದೆ. ಸತ್ಯವಾಗಿ ತಟ್ಟಿದ್ದೆ. ಅಲ್ಲ ಸಾರ್, ನಮ್ಮೂರಿಗೆ ಬಂದವರು ಬೇಗ ನಮ್ಮವರಾಗಬೇಕು, ಆದರೆ ಬೇರೆ ಊರಿಗೆ ಹೋದ ನಾವು ಮಾತ್ರ ಕೊನೆಯವರೆಗೂ ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡು ನಿಂತಿರಬೇಕಾ? ಇದ್ಯಾವ ನ್ಯಾಯ?

ಒಂದು ಊರಿನವನಾಗೋದು ಹೇಗೆ ಹೇಳಿ. ತೆರಿಗೆ ಕಟ್ಟಿದರೆ ಆಗಲ್ಲ. ಪಾಸ್‌ಪೋರ್ಟಿಗೆ ವರ್ಷಗಟ್ಟಲೆ ಕಾಯಬೇಕು. ಭಾಷೆ, ಊಟ, ಹಿಮ ಎಲ್ಲ ನಿಧಾನ. ಆಟ ಒಂದೇ ಹೊಸ್ತಿಲು ತಗ್ಗಾಗಿರುವ ಬಾಗಿಲು. ಊರು ಹೆದರಿದಾಗ ನೀನೂ ಹೆದರಿದರೆ ಸಾಕು, ಒಳಗೆ ಬಾ ಅನ್ನುತ್ತೆ. ನಮ್ಮ ಪಿಜಿಯಲ್ಲಿದ್ದ ಹೊರರಾಜ್ಯದ ಹುಡುಗನಿಗೆ ಎರಡು ವರ್ಷದಲ್ಲಿ ನಾವು ಯಾರೂ ಒಂದು ವಾಕ್ಯ ಕಲಿಸೋಕಾಗಿರಲಿಲ್ಲ. ಅವನು ತಾನಾಗಿ ಕಲಿತ ಮೊದಲ ಕನ್ನಡ ವಾಕ್ಯ "ಈ ಸಲ ಕಪ್ ನಮ್ದೇ". ಅದರಲ್ಲಿ 'ನಮ್ದೇ' ಅನ್ನೋ ಪದ ಇದೆ ನೋಡಿ. ಅದಕ್ಕಿಂತ ಒಳ್ಳೆಯ ಮೊದಲ ಪಾಠ ಯಾವುದಿದೆ?

ಕೊನೆಯದು, ನಿಜವಾಗಿ ಭಾರವಾದದ್ದು. "ಅಭಿಮಾನಿಗಳ ಹುಚ್ಚು ಏನು ಮಾಡುತ್ತೆ ಅಂತ ಚಿನ್ನಸ್ವಾಮಿ ಹತ್ತಿರ ನೋಡಿಲ್ವಾ?" ನೋಡಿದ್ದೇನೆ. 2025ರ ಜೂನ್ 3ರಂದು ಹದಿನೆಂಟನೇ ಸೀಸನ್ನಿನಲ್ಲಿ ಆರ್‌ಸಿಬಿ ಗೆದ್ದಾಗ ಇಲ್ಲಿ ಮಧ್ಯಾಹ್ನ, ನಾನು ಆಫೀಸಿನಲ್ಲಿ ಎರಡನೇ ಮಾನಿಟರಿನಲ್ಲಿ ನೋಡಿ ಕಣ್ಣೊರೆಸಿಕೊಂಡಿದ್ದೆ. ಮಾರನೆಯ ದಿನ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಹೆಚ್ಚಿನವರು ನನಗಿಂತ ಚಿಕ್ಕವರು. ಅವರನ್ನು ಕೊಂದಿದ್ದು ಸಂತೋಷ ಅಲ್ಲ. ಗೆದ್ದು ಇಪ್ಪತ್ತನಾಲ್ಕು ಗಂಟೆ ಕಳೆಯುವ ಮುನ್ನ ಮೆರವಣಿಗೆ, ಸನ್ಮಾನ ಅಂತ ಕರೆದು, ಬರುವ ಲಕ್ಷಾಂತರ ಜನಕ್ಕೆ ತಕ್ಕ ಏರ್ಪಾಡಿಲ್ಲದ ಬಾಗಿಲುಗಳು. ಅಂಗಿ, ಟಿಕೆಟ್ಟು ಮಾರುವಾಗ "ನಮ್ಮ ಅಭಿಮಾನಿ ದೇವರುಗಳು", ಸತ್ತ ಮೇಲೆ "ಯಾರು ಹೋಗು ಅಂದಿದ್ರು ಇವರಿಗೆ?" ಈ ಎರಡನೇ ಮಾತು ಆಡಿದವರನ್ನು ನಾನು ಕ್ಷಮಿಸಲಾರೆ. ಹಾಗಂತ ಅಭಿಮಾನದ ಹೆಸರಲ್ಲಿ ಏನು ಮಾಡಿದರೂ ನಡೆಯುತ್ತೆ ಅಂತಿಲ್ಲ. 2024ರಲ್ಲಿ ಡಾಡ್ಜರ್ಸ್ ಗೆದ್ದ ರಾತ್ರಿ ಲಾಸ್ ಏಂಜಲೀಸಿನಲ್ಲಿ ಬಸ್ಸಿಗೆ ಬೆಂಕಿ ಹಚ್ಚಿದರು. ಅದು ಅಭಿಮಾನ ಅಲ್ಲ, ಪುಂಡಾಟ. ಬಸ್ಸು ಸುಟ್ಟವನನ್ನೂ, ಬಾಗಿಲ ಬಳಿ ಒಂದು ಸಲ ಕೈ ಬೀಸೋಣ ಅಂತ ನಿಂತ ಹುಡುಗಿಯನ್ನೂ ಒಂದೇ ತಕ್ಕಡಿಗೆ ಹಾಕೋರಿಗೆ ತೂಕ ಹಾಕೋಕೇ ಬರಲ್ಲ.

ಆ ರಾತ್ರಿ ಬಾರಿನಿಂದ ಹೊರಗೆ ಬಂದಾಗ ಚಳಿ. ಪರಿಚಯವೇ ಇಲ್ಲದ, ನಮ್ಮಪ್ಪನ ವಯಸ್ಸಿನ ಒಬ್ಬರು ಪಕ್ಕದಲ್ಲಿ ನಡೆಯುತ್ತಿದ್ದರು. ನನ್ನ ಶಲ್ಯ ನೋಡಿದರು, ಏನು ಎತ್ತ ಅಂತ ಕೇಳಲಿಲ್ಲ. ಬೆನ್ನಿನ ಮೇಲೆ ಒಮ್ಮೆ ತಟ್ಟಿ "ನೆಕ್ಸ್ಟ್ ಇಯರ್" ಅಂದರು, ತಿರುವಿನಲ್ಲಿ ಹೊರಟುಹೋದರು.

ಮುಂದಿನ ವರ್ಷ! 2008ರಲ್ಲಿ ನಾನು ಹನ್ನೊಂದು ವರ್ಷದ ಹುಡುಗ. ಆಗಿನಿಂದ ಹದಿನೇಳು ಸಲ, ಹಾಸನದ ನಮ್ಮ ಮನೆಯ ಹಜಾರದಲ್ಲಿ, ಹಾಸ್ಟೆಲಿನ ಟಿವಿ ಮುಂದೆ, ಪಿಜಿಯ ಮಹಡಿ ಮೇಲೆ, ಇದೇ ಎರಡು ಪದ ಹೇಳಿಕೊಂಡು ಮಲಗಿದವನು ನಾನು. ಅದನ್ನು ಇನ್ನೊಂದು ಊರು ನನ್ನ ಬೆನ್ನು ತಟ್ಟಿ ಹೇಳಿದಾಗ, ಅದು ನನಗೆ ಅರ್ಥವಾಗಲು ಯಾವ ಅನುವಾದವೂ ಬೇಕಾಗಲಿಲ್ಲ.

ಗೆದ್ದಾಗ 'ನಾವು' ಅನ್ನೋಕೆ ಎಲ್ಲರೂ ಬರ್ತಾರೆ. ಸೋತಾಗ ಅಂದವನನ್ನು ಕೇಳಬೇಡಿ ಸಾರ್, ನೀನು ಯಾವಾಗಿಂದ ಇಲ್ಲಿಯವನು ಅಂತ. ಸೋತಿದ್ದು ನಾವೇ. ಪಾತ್ರೆ ಮಾತ್ರ ಬರುವ ಭಾನುವಾರ ತಂದುಕೊಡ್ತೀನಿ.

ಬೈಯೋದಿದ್ರೆ ಕೆಳಗೆ ಜಾಗ ಇದೆ, ಧಾರಾಳವಾಗಿ ಬೈಯಿರಿ.