ರಿಪೋರ್ಟ್ ಬರುವತನಕ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಹಿಂದಿನ ರಾತ್ರಿ ಹೇಗಿರುತ್ತದೆಂದು ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರೆದದ್ದು ಬರೆದಾಗಿದೆ, ಬದಲಾಯಿಸುವಂತಿಲ್ಲ. ಆದರೂ ನಿದ್ದೆ ಹತ್ತುವುದಿಲ್ಲ. ಸ್ತನದಲ್ಲಿ ಗಂಟು ಕಂಡು, ಅದರ ಚೂರನ್ನು ಬಯಾಪ್ಸಿಗೆ ಕೊಟ್ಟು ಬಂದ ತಾಯಿಯ ರಾತ್ರಿಗಳೂ ಹೀಗೆಯೇ. ಆದರೆ ಮಕ್ಕಳ ಫಲಿತಾಂಶಕ್ಕೆ ಮನೆಮಂದಿಯೆಲ್ಲ ಸೇರಿ ಕಾಯುತ್ತಾರೆ. ತಾಯಿಯ ಕಾಯುವಿಕೆ ಬಹಳಷ್ಟು ಮನೆಗಳಲ್ಲಿ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.

"ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂತು, ಈಗ ಹೇಳೋದು ಬೇಡ" ಎಂಬುದು ಹಿರಿಯರ ತೀರ್ಮಾನ. ಉದ್ದೇಶವೇನೋ ಒಳ್ಳೆಯದೇ. ಆದರೆ ಅಪ್ಪ ಫೋನ್ ಹಿಡಿದು ಹಿತ್ತಿಲಿಗೆ ಹೋಗುವುದು, ಊರಿನಿಂದ ಅಜ್ಜಿ ದಿಢೀರನೆ ಬಂದಿಳಿಯುವುದು, ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕುವುದು ಇವೆಲ್ಲ ಮಕ್ಕಳ ಕಣ್ಣಿಗೆ ಬೀಳದೆ ಇರುತ್ತವೆಯೆ? ಹೇಳದಿದ್ದರೆ ಅವರು ತಾವೇ ಊಹಿಸಿಕೊಳ್ಳುತ್ತಾರೆ. ತನ್ನ ಮಾರ್ಕ್ಸು ಕಡಿಮೆಯಾದದ್ದರಿಂದಲೇ ಅಮ್ಮ ಹೀಗಾದಳು ಎಂದುಕೊಳ್ಳುವ ಮಗುವೂ ಉಂಟು.

ಕಾಯುವ ದಿನಗಳ ಆತಂಕವನ್ನು "ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎಂದು ತಳ್ಳಿಹಾಕುವವರಿದ್ದಾರೆ. ಬಾಸ್ಟನ್ನಿನ ವೈದ್ಯರು ಬಯಾಪ್ಸಿ ಮಾಡಿಸಿಕೊಂಡ 126 ಮಹಿಳೆಯರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದು, 2009ರಲ್ಲಿ ವರದಿ ಪ್ರಕಟಿಸಿದರು. ಐದು ದಿನವಾದರೂ ಫಲಿತಾಂಶ ತಿಳಿಯದಿದ್ದವರ ಕಾರ್ಟಿಸಾಲ್ ಏರಿಳಿತ, ಕ್ಯಾನ್ಸರ್ ಇದೆಯೆಂದು ತಿಳಿದವರದಕ್ಕೆ ಹತ್ತಿರವಿತ್ತು. ಏನೂ ಇಲ್ಲವೆಂದು ತಿಳಿದವರದು ಬೇರೆಯಾಗಿತ್ತು. ಗೊತ್ತಿಲ್ಲದಿರುವುದಕ್ಕೂ ದೇಹ ಬೆಲೆ ತೆರುತ್ತದೆ. ಅಂಥವರಿಗೆ "ಧೈರ್ಯವಾಗಿರು" ಎಂಬ ಒಂದೇ ಮಾತು ಎಷ್ಟು ಸಲ ಹೇಳಿದರೆ ಏನು ಬಂತು!

ಇಷ್ಟು ದಿನ ಏಕೆ ಬೇಕೆಂಬುದು ತಿಳಿದರೆ ಮನಸ್ಸು ಕೊಂಚ ಹಗುರಾದೀತು. ತೆಗೆದ ಚೂರನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ಇಡುತ್ತಾರೆ. ಸ್ತನದ ಅಂಗಾಂಶವಾದರೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಎಂದು ನಿಯಮವಿದೆ. ಆಮೇಲೆ ನೀರಿನಂಶ ತೆಗೆದು, ಮೇಣದ ಅಚ್ಚಿನಲ್ಲಿ ಕೂರಿಸಿ, ತಲೆಗೂದಲಿಗಿಂತ ಎಷ್ಟೋ ತೆಳುವಾಗಿ, ಸುಮಾರು 4 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತಾರೆ. ಬಣ್ಣ ಹಾಕಿದ ಮೇಲೆಯೇ ಪೆಥಾಲಜಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯಾದರೆ ಅಂಚುಗಳಲ್ಲಿ ರೋಗ ಉಳಿದಿದೆಯೇ, ಕಂಕುಳಿನ ದುಗ್ಧಗ್ರಂಥಿಗೆ ಹಬ್ಬಿದೆಯೇ ಎಂದೂ ನೋಡಬೇಕು. ಕ್ಯಾನ್ಸರ್ ಎಂದು ಕಂಡರೆ ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗಳಿಗೆ ಇನ್ನಷ್ಟು ದಿನ. ನಡುವೆ ಒಂದು ಭಾನುವಾರ ಬಂದರೂ, ವೈದ್ಯರು ಅನುಮಾನ ಪರಿಹರಿಸಿಕೊಳ್ಳಲು ಮತ್ತೊಬ್ಬರಿಗೆ ಸ್ಲೈಡ್ ತೋರಿಸಿದರೂ ತಡವಾಗುತ್ತದೆ. ತಡವಾಯಿತೆಂದ ಮಾತ್ರಕ್ಕೆ ಕೆಟ್ಟ ಸುದ್ದಿಯೆಂದು ಲೆಕ್ಕ ಹಾಕಬೇಕಾಗಿಲ್ಲ. ನಾರುಗಂಟು, ನೀರುಗುಳ್ಳೆಯಂಥ ಕ್ಯಾನ್ಸರಲ್ಲದ ಗಂಟುಗಳೂ ಧಾರಾಳವಾಗಿವೆ. ಹಾಗೆಂದು ಗಂಟು ಕಂಡ ಮೇಲೆ ತೋರಿಸದೆ ಕೂರುವುದು ಮಾತ್ರ ಸಲ್ಲದು.

ಇನ್ನು ದಿನ ಕಳೆಯುವ ಬಗೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದವರನ್ನು ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಸಂಗಡಿಗರು ಅಭ್ಯಸಿಸಿದರು. ಆತಂಕ ತಗ್ಗಿಸಿಕೊಳ್ಳಲು ಅವರು ಹೂಡಿದ ಉಪಾಯಗಳು ಹೆಚ್ಚೇನೂ ಫಲಿಸಿರಲಿಲ್ಲ ಎಂದು 2016ರ ವರದಿ ಹೇಳುತ್ತದೆ. ಕುತೂಹಲದ ಸಂಗತಿಯೆಂದರೆ, ಚಿಂತಿಸುತ್ತ ಕಾದವರೇ ಸೋಲಿನ ಸುದ್ದಿ ಬಂದಾಗ ಹೆಚ್ಚು ಸಮರ್ಥವಾಗಿ ನಿಭಾಯಿಸಿದ್ದರು. ಅಂದಮೇಲೆ, ಅಳು ಬಂದಾಗ ಅಮ್ಮ ಅತ್ತರೆ ಮನೆ ಮುಳುಗಿಹೋಗುವುದಿಲ್ಲ. ಕೈಗೂ ಮನಸ್ಸಿಗೂ ಒಟ್ಟಿಗೆ ಕೆಲಸ ಕೊಡುವ ಕಸೂತಿ, ತೋಟಗೆಲಸ, ಚೌಕಾಬಾರ ಒಂದಷ್ಟು ಹೊತ್ತನ್ನು ಸರಿಸುತ್ತವೆ. ಗಂಟೆಗೊಮ್ಮೆ ಮೊಬೈಲಿನಲ್ಲಿ ರೋಗಲಕ್ಷಣ ಹುಡುಕುವುದು ಹೊತ್ತನ್ನೂ ಸರಿಸುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ.

ಮಕ್ಕಳಿಗೆ ಹೇಳಲು ದೊಡ್ಡ ಭಾಷಣ ಬೇಡ. "ನನ್ನ ಎದೆಯಲ್ಲಿ ಒಂದು ಗಂಟು ಇದೆ ಪುಟ್ಟೀ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಗುರುವಾರ ಗೊತ್ತಾಗಬಹುದು. ಗೊತ್ತಾದ ಕೂಡಲೆ ನಿನಗೂ ಹೇಳ್ತೀನಿ" ಎಂದರೆ ಸಾಕು. "ಕ್ಯಾನ್ಸರಾ ಅಮ್ಮಾ?" ಎಂದು ಮಗು ಕೇಳಿಯೇ ಕೇಳುತ್ತದೆ. "ಏನಿಲ್ಲ, ಹೋಗಿ ಓದ್ಕೋ" ಎನ್ನುವುದಕ್ಕಿಂತ "ಇನ್ನೂ ಗೊತ್ತಿಲ್ಲ ಕಣೇ" ಎನ್ನುವುದೇ ನಿಜವಾದ ಉತ್ತರ. ಓದುವ ಮಕ್ಕಳು ಈ ದಿನಗಳಲ್ಲಿ ಪುಸ್ತಕ ಮುಚ್ಚಿಟ್ಟು ಅಮ್ಮನ ಪಕ್ಕ ಕೂರಬೇಕೆಂದೇನೂ ಇಲ್ಲ. ಅಡುಗೆಮನೆಯ ಮೇಜಿನ ಮೇಲೇ ಓದಿಕೊಂಡರಾಯಿತು, ನಡುವೆ ಬೀನ್ಸ್ ನಾರು ಬಿಡಿಸಿಕೊಟ್ಟರಾಯಿತು.

ರಿಪೋರ್ಟಿನ ದಿನ ತಾಯಿಯೊಬ್ಬಳನ್ನೇ ಆಸ್ಪತ್ರೆಗೆ ಕಳಿಸುವುದು ಬೇಡ. ಗಾಬರಿಯಲ್ಲಿ ಕೇಳಿದ ಮಾತು ಅರ್ಧ ಮರೆತುಹೋಗುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಜೊತೆಗೆ ಹೋದವರು ವೈದ್ಯರ ಉತ್ತರಗಳನ್ನೂ ಅದರಲ್ಲೇ ಗುರುತು ಹಾಕಿಕೊಳ್ಳಬಹುದು. ಗುರುವಾರ ಎಂದು ಮಗಳಿಗೆ ಮಾತು ಕೊಟ್ಟಿದ್ದರೆ, ಅವಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕು. ರಿಪೋರ್ಟ್ ಶನಿವಾರಕ್ಕೆ ಮುಂದೆ ಹೋಗಿದ್ದರೆ, ಅದನ್ನೂ ಅವಳಿಗೆ ಹೇಳಬೇಕು.