ಕಲ್ಲುಹೂವಿನ ಜಂಟಿ ಖಾತೆ

ಮಕ್ಕಳೇ, ಅಜ್ಜಿಯನ್ನು ಕೇಳಿ ಮಸಾಲೆ ಡಬ್ಬಿ ತೆರೆದು ನೋಡಿ. ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆ ಒಣಗಿ ಮುರುಟಿದ ಚೂರುಗಳಿವೆಯೇ? ಮೇಲೆ ಬೂದು ಬಣ್ಣ, ಕೆಳಗೆ ಕಪ್ಪು. ಅದೇ ಕಲ್ಲುಹೂವು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಾಗಲಿ, ಅರಕಲಗೂಡಿನ ದಿನಸಿ ಅಂಗಡಿಯಲ್ಲಾಗಲಿ ಈ ಹೆಸರು ಹೇಳಿದರೆ ಸಾಕು, ಪೊಟ್ಟಣ ಕಟ್ಟಿಕೊಡುತ್ತಾರೆ. ಸುಮ್ಮನೆ ಮೂಸಿದರೆ ಅಂಥ ವಾಸನೆಯಿಲ್ಲ. ಕಾದ ಎಣ್ಣೆಗೆ ಬಿದ್ದಾಗ ನೋಡಿ, ಪಲಾವು, ಕುರ್ಮಾ, ಬಾಡೂಟದ ಘಮ ಬೀದಿಯ ತುದಿಗೂ ಮುಟ್ಟುತ್ತದೆ!

ಹೆಸರಿಗೆ ಹೂವಾದರೂ ಇದು ಹೂವಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಮಾಡುವ ಸಂಸಾರ. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗಂತೂ ಇದು ಜಂಟಿ ಖಾತೆ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಪಾಚಿ ಬಿಸಿಲಿನಲ್ಲಿ ಇಬ್ಬರಿಗೂ ಅಡುಗೆ ಮಾಡುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೈಮನ್ ಶ್ವೆಂಡನರ್ ಈ ಗುಟ್ಟು ಹೇಳಿದಾಗ ಅನೇಕ ಪಂಡಿತರು ಒಪ್ಪಲೇ ಇಲ್ಲ.

ಆಯುರ್ವೇದದಲ್ಲಿ ಇದರ ಹೆಸರು ಶೈಲೇಯ. ದೂರದ ಐಸ್‌ಲ್ಯಾಂಡಿನಲ್ಲೂ ಇದರದೊಂದು ಬಂಧುವಿದೆ. ದವಸ ಸಾಲದ ಕಾಲದಲ್ಲಿ ಅಲ್ಲಿಯವರು ಅದರ ಕಹಿ ಹೋಗುವಂತೆ ನೆನೆಸಿ, ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡುತ್ತಿದ್ದರು, ಹಾಲಿನಲ್ಲಿ ಬೇಯಿಸಿ ಗಂಜಿಯಂತೆ ಕುಡಿಯುತ್ತಿದ್ದರು. ಕೆಮ್ಮಿಗೂ ಅದರದೇ ಕಷಾಯ. ಉತ್ತರದ ಹಿಮಸಾರಂಗಗಳಿಗೆ ಚಳಿಗಾಲದಲ್ಲಿ ಇಂಥ ಕಲ್ಲುಹೂವೇ ಮೇವು. ನಿಮ್ಮ ಶಾಲೆಯ ಲಿಟ್ಮಸ್ ಕಾಗದದ ಬಣ್ಣವೂ ಮೊದಲು ಬಂದದ್ದು ಇದೇ ಬಳಗದಿಂದ.

ಆದರೆ ಈ ಖಾತೆಗೆ ಬರುವ ಬಡ್ಡಿ ಬಹಳ ಕಡಿಮೆ. ಬಂಡೆಗೆ ಅಂಟಿಕೊಂಡು ಬೆಳೆಯುವ ಎಷ್ಟೋ ಜಾತಿಗಳು ವರ್ಷಕ್ಕೆ 1 ಮಿಲಿಮೀಟರ್ ಕೂಡ ಹರಡುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಪ್ರವಾಸ ಹೋದಾಗ ಬೆಟ್ಟದ ಬಂಡೆಗಳ ಮೇಲೆ ಬಿಳಿ, ಬೂದು ಬಣ್ಣದ ಮಚ್ಚೆಗಳನ್ನು ನೋಡಿರುತ್ತೀರಿ. ಅಂಗೈಯಗಲದ ಮಚ್ಚೆಯೊಂದಕ್ಕೆ ನಿಮ್ಮ ತಾತನಷ್ಟು ವಯಸ್ಸಾಗಿರಬಹುದು. ಅದರ ಮೇಲೆ ಕಲ್ಲಿನಿಂದ ಹೆಸರು ಗೀಚಲು ಒಂದು ನಿಮಿಷ ಸಾಕು. ಹೋದದ್ದು ಮರಳಿ ಬರಲು ನೀವೇ ತಾತ ಅಜ್ಜಿ ಆಗಬೇಕು. ಮಸಾಲೆಯ ಕಲ್ಲುಹೂವನ್ನೂ ಯಾರೂ ಹೊಲದಲ್ಲಿ ಬೆಳೆಯುವುದಿಲ್ಲ. ಕಾಡಿನ ಮರ, ಬಂಡೆಗಳಿಂದ ಕಿತ್ತು ತರುತ್ತಾರೆ. ಅಜ್ಜಿಯಂದಿರೇ, ಒಗ್ಗರಣೆಗೆ ಒಂದು ಚಿಟಿಕೆ ಸಾಕಲ್ಲವೇ?

ಈ ಭಾನುವಾರದ ಕೆಲಸ: ಹಾಸನವಿರಲಿ, ಹೊಳೆನರಸೀಪುರವಿರಲಿ, ತಾತನ ಜೊತೆ ಹತ್ತಿರದ ತೆಂಗಿನ ಮರವನ್ನೋ ಮಾವಿನ ಮರವನ್ನೋ ನೋಡಿ. ಕಾಂಡದ ಮೇಲೆ ಒಂದು ಮಚ್ಚೆ ಹುಡುಕಿ, ಸ್ಕೇಲಿನಿಂದ ಅಳೆದು, ತಾರೀಖು ಹಾಕಿ ಬರೆದಿಡಿ. ಕೀಳಬೇಡಿ, ಬಾಯಿಗೂ ಹಾಕಬೇಡಿ, ಕೆಲವು ಜಾತಿಗಳಲ್ಲಿ ವಿಷವಿರುತ್ತದೆ. ಮುಂದಿನ ವರ್ಷ ಅದೇ ತಾರೀಖಿಗೆ ಮತ್ತೆ ಅಳೆಯಿರಿ. ಎಷ್ಟು ಬಡ್ಡಿ ಬಂತೆಂದು ನನಗೂ ಒಂದು ಕಾಗದ ಬರೆಯಿರಿ.