ಹೊರಗೆ ಪ್ರಚಂಡ, ಒಳಗೆ ಶಕ್ತಿ



ಹಟ್ಟಿಯಲ್ಲಿ ಕರು ಹುಟ್ಟಿದರೆ ಅದಕ್ಕೆ ಹೆಸರಿಡಲು ನಮಗೆ ಎಷ್ಟು ಹೊತ್ತು ಬೇಕು ಹೇಳಿ? ಅದು ತಡವರಿಸುತ್ತ ಎದ್ದು ನಿಂತು ತಾಯಿಯ ಕೆಚ್ಚಲು ಹುಡುಕುವುದರೊಳಗೆ ಗೌರಿಯೋ ಕಪಿಲೆಯೋ ಆಗಿಬಿಟ್ಟಿರುತ್ತದೆ. ಮಗುವಾದರೆ ಹೆಚ್ಚೆಂದರೆ ಹನ್ನೊಂದೋ ಹನ್ನೆರಡೋ ದಿನ. ಆದರೆ ನಮ್ಮ ವಾಯುಸೇನೆಗೆಂದು ತಯಾರಾದ ಒಂದು ಹೆಲಿಕಾಪ್ಟರ್ ಹನ್ನೆರಡು ವರ್ಷ ಸರಿಯಾದ ಹೆಸರೇ ಇಲ್ಲದೆ ಹಾರಾಡಿತು ಎಂದರೆ ನಂಬುತ್ತೀರಾ?

ಅದು ಹುಟ್ಟಿದ್ದು ದೂರದಲ್ಲೆಲ್ಲೂ ಅಲ್ಲ, ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ. 1999ರ ಕಾರ್ಗಿಲ್ ಯುದ್ಧದಲ್ಲಿ ಶತ್ರುಗಳು ಬೆಟ್ಟದ ತುದಿಯಲ್ಲಿ ಕುಳಿತಿದ್ದರು. ಅಷ್ಟು ಎತ್ತರಕ್ಕೆ ಏರಿ ಹೋರಾಡಬಲ್ಲ ಹೆಲಿಕಾಪ್ಟರ್ ನಮ್ಮಲ್ಲಿರಲಿಲ್ಲ. ಎತ್ತರದ ಬೆಟ್ಟದಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ ಎನ್ನುತ್ತಾರಲ್ಲ, ಇದೂ ಅದೇ ತೆಳು ಗಾಳಿಯ ಕಥೆ. ಮೇಲೆ ತಿರುಗುವ ರೆಕ್ಕೆಗೆ ಹಿಡಿದುಕೊಳ್ಳಲು ಗಾಳಿ ಸಾಲದು, ಎಂಜಿನ್ನಿಗೆ ಉಸಿರಾಡಲೂ ಸಾಲದು. ಅದಕ್ಕಾಗಿಯೇ ಹಗುರವಾದ ಯುದ್ಧ ಹೆಲಿಕಾಪ್ಟರ್ ಒಂದನ್ನು ಮಾಡಿದರು. 2010ರ ಮಾರ್ಚ್ 29ರಂದು ಅದು ಮೊದಲ ಸಲ ಹಾರಿತು. ಕರೆಯುತ್ತಿದ್ದುದು ಮಾತ್ರ ಎಲ್.ಸಿ.ಎಚ್. ಎಂದು, ಬರೀ ಮೂರಕ್ಷರ. ಶಾಲೆಗೆ ಸೇರಿಸುವ ತನಕ ಹುಡುಗನನ್ನು ಎಲ್ಲರೂ ‘ಬಾಬು’ ಎಂದೇ ಕರೆಯುತ್ತಾರಲ್ಲ, ಹಾಗೆ. ಕಡೆಗೆ 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಅದನ್ನು ವಾಯುಸೇನೆಗೆ ಒಪ್ಪಿಸುವಾಗ ‘ಪ್ರಚಂಡ’ ಎಂದು ನಾಮಕರಣವಾಯಿತು.

ಪ್ರಚಂಡ! ಈ ಹೆಸರು ಕೇಳಿದ ಕೂಡಲೇ ನಿಮಗೆ ಎಂತ ನೆನಪಾಯಿತು? ನನಗಂತೂ ದ್ವಾರಕೀಶ್. 1984ರಲ್ಲಿ ಬಂದ ‘ಪ್ರಚಂಡ ಕುಳ್ಳ’ ಸಿನೆಮಾ. ನಮ್ಮ ಕಡೆ ಸ್ಟೂಲಿನ ಮೇಲೆ ಡಬ್ಬ, ಡಬ್ಬದ ಮೇಲೆ ಮಣೆ ಇಟ್ಟು ಹತ್ತಿ ಅಟ್ಟದ ಮೇಲಿನ ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ ಪೋರನಿಗೂ ‘ಇವ ಪ್ರಚಂಡ ಮಾರಾಯ್ರೇ’ ಎನ್ನುತ್ತೇವೆ. ಬೈಗುಳವೂ ಹೌದು, ಮುದ್ದೂ ಹೌದು. ಮಂತ್ರಿಗಳ ಮನಸ್ಸಿನಲ್ಲಿ ಇದ್ದದ್ದು ಅದಲ್ಲ ಬಿಡಿ. ಅವರಿಗೆ ಬೇಕಾದ್ದು ಬಿಸಿಲಿನಂತೆ ಸುಡುವ ಉಗ್ರತೆ.

ಇನ್ನೊಂದು ತಮಾಷೆ ಕೇಳಿ. ಆ ದಿನದ ಪಂಚಾಂಗ ತೆಗೆದು ನೋಡಿದರೆ ನವರಾತ್ರಿಯ ದುರ್ಗಾಷ್ಟಮಿ! ನಮ್ಮ ಮೂಡಬಿದ್ರೆ ಬಂಟ್ವಾಳಗಳ ಪೇಟೆಯಲ್ಲಿ ಹುಲಿವೇಷದ ತಾಸೆಯ ಸದ್ದಿಗೆ ಒಲೆಯ ಮೇಲಿನ ಹಾಲನ್ನೂ ಮರೆತು ಬಾಗಿಲಿಗೆ ಓಡುವ ದಿನಗಳು. ರಾತ್ರಿಯಿಡೀ ‘ದೇವಿ ಮಹಾತ್ಮೆ’ ಬಯಲಾಟ ನೋಡಿದವರಿಗೆ ಚಂಡ ಯಾರೆಂದು ಹೇಳಬೇಕೇ? ಚಂಡ ಮುಂಡರನ್ನು ಕೊಂದದ್ದಕ್ಕೇ ದೇವಿ ಚಾಮುಂಡಿಯಾದದ್ದು. ಅಂಥ ಅಷ್ಟಮಿಯ ದಿನವೇ ಚಂಡನ ನೆಂಟನಂತೆ ಕೇಳಿಸುವ ಹೆಸರು ಇಟ್ಟರಲ್ಲ ಎಂದು ನಾನು ನಕ್ಕಾಗ ನಮ್ಮ ಅತ್ತೆಯವರು ಸುಮ್ಮನಿರಲಿಲ್ಲ. “ಚಂಡ ಪ್ರಚಂಡ ಅಂದ್ರೆ ವಿಷ್ಣುವಿನ ಬಾಗಿಲು ಕಾಯುವವರು ಸಹ ಹೌದು. ಗಡಿ ಕಾಯುವವನಿಗೆ ಬೇರೆ ಎಂಥ ಹೆಸರು ಬೇಕು ನಿನಗೆ?” ಎಂದರು. ಒಪ್ಪಿದೆ. ಆದರೂ ದೇವಿಯ ದಿನ ‘ಪ್ರಚಂಡೆ’ ಅನ್ನಬಹುದಿತ್ತಲ್ಲ ಎಂಬುದು ಮನಸ್ಸಿನಲ್ಲಿ ಉಳಿದೇ ಉಳಿಯಿತು.

ಯಾಕೆ ಹೇಳುತ್ತೇನೆಂದರೆ, ಎಚ್.ಎ.ಎಲ್. ಮಾಡಿದ ಹೆಲಿಕಾಪ್ಟರುಗಳ ಹೆಸರು ಒಮ್ಮೆ ನೋಡಿ. ಮೊದಲು ಬಂದದ್ದು ಚೇತಕ್, ಮಹಾರಾಣಾ ಪ್ರತಾಪನ ಕುದುರೆ. ಫ್ರಾನ್ಸಿನಲ್ಲಿ ಅದರ ಹೆಸರು ಅಲುಯೆಟ್, ಹಾಡುವ ಒಂದು ಪುಟ್ಟ ಹಕ್ಕಿ. ಇಲ್ಲಿಗೆ ಬಂದದ್ದೇ ಹಕ್ಕಿ ಹೋಗಿ ಕುದುರೆಯಾಯಿತು! ಅದರ ಹಿಂದೆ ಬಂದದ್ದು ಚೀತಾ. (ಚಿರತೆ ಎಂದರೆ ಬೆಳ್ತಂಗಡಿ ಕಡೆಯವರಿಗೆ ನಾಯಿಯನ್ನು ಒಳಗೆ ಕಟ್ಟುವ ಚಿಂತೆ, ಆ ಮಾತು ಬೇರೆ.) ಆಮೇಲೆ ಧ್ರುವ. ಧ್ರುವಕ್ಕೆ ಆಯುಧ ಕಟ್ಟಿದಾಗ ರುದ್ರ. ಈಗ ಪ್ರಚಂಡ. ಒಂದಾದರೂ ಹೆಣ್ಣು ಹೆಸರು ಉಂಟಾ?

ಉಂಟು! ಹುಡುಕುತ್ತ ಹೋದರೆ ಸಿಗುತ್ತದೆ, ಆದರೆ ಒಳಗೆ. ಪ್ರಚಂಡದ ಹೊಟ್ಟೆಯೊಳಗೆ ಕುಳಿತು ಅದನ್ನು ಮೇಲೆತ್ತುವ ಎರಡು ಎಂಜಿನ್ನುಗಳಿವೆ. ಎಚ್.ಎ.ಎಲ್. ಮತ್ತು ಫ್ರಾನ್ಸಿನ ಕಂಪೆನಿ ಸೇರಿ ತಯಾರಿಸಿದ್ದು. ಅದರ ಹೆಸರೇ ‘ಶಕ್ತಿ’. ಬೋರ್ಡಿನ ಮೇಲೆ ಯಜಮಾನರ ಹೆಸರು, ಒಳಗೆ ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುವವಳು ಬೇರೆ! ಐದು ಮುಕ್ಕಾಲು ಟನ್ನಿಗೂ ಮಿಕ್ಕ ಭಾರವನ್ನು ಎತ್ತಿ ಹಿಮಾಲಯದ ಮೇಲೆ ಕೊಂಡುಹೋಗುವುದು ಶಕ್ತಿ, ಪೇಪರಿನಲ್ಲಿ ಫೋಟೋ ಬರುವುದು ಪ್ರಚಂಡದ್ದು. ಇದನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಇನ್ನೊಂದು ಲೋಟ ಕಾಫಿ ಕೇಳಿದರು.

ಹೆಣ್ಣು ಹೆಸರೇ ಇಲ್ಲದ ಈ ಯಂತ್ರಗಳನ್ನು ಹೆಣ್ಣುಮಕ್ಕಳು ಓಡಿಸಿಲ್ಲವೇ? 1999ರಲ್ಲಿ ಕಾರ್ಗಿಲ್ ಕಡೆ ಚೀತಾ ಹೆಲಿಕಾಪ್ಟರ್ ಹಾರಿಸಿದವರಲ್ಲಿ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಎಂಬ ಇಬ್ಬರು ತರುಣಿಯರಿದ್ದರು. ಗಾಯಗೊಂಡ ಸೈನಿಕರನ್ನು ಕೆಳಗೆ ತರುವಂಥ ಕೆಲಸ. ನಮ್ಮ ಬೀದಿಯ ಒಬ್ಬ ಅಮ್ಮನ ಮಗ ಸೈನ್ಯದಲ್ಲಿದ್ದು ಕೆಲವು ಕಾಲ ಸಿಯಾಚಿನ್‌ನ ಹಿಮದಲ್ಲಿ ಕಾವಲಿದ್ದವನು. ಚೀತಾ ಎಂದರೆ ಆ ಅಮ್ಮನಿಗೆ ಕಾಡುಪ್ರಾಣಿ ಅಲ್ಲವೇ ಅಲ್ಲ. “ನಾನು ಬರೆದ ಕಾಗದ ಅವನ ಕೈಗೆ ಮುಟ್ಟಿಸಿದ್ದು ಅದು, ಜ್ವರ ಬಂದಾಗ ಅವನನ್ನು ಕೆಳಗೆ ಇಳಿಸಿದ್ದೂ ಅದೇ” ಎನ್ನುತ್ತಾರೆ. ಹೆಸರು ಇಟ್ಟವರ ಮನಸ್ಸಿನಲ್ಲಿ ವೇಗ ಇತ್ತೋ ಪಂಜ ಇತ್ತೋ, ಆಕೆಗೆ ಅದು ಅಂಚೆಯವನ ಹೆಸರು.

ನನ್ನನ್ನು ಕೇಳಿದರೆ ಇವುಗಳಲ್ಲೆಲ್ಲ ಒಪ್ಪುವ ಹೆಸರು ಧ್ರುವ. ತಂದೆಯ ತೊಡೆಯಿಂದ ಇಳಿಸಲ್ಪಟ್ಟು, ತಾಯಿ ಸುನೀತಿಯ ಮಾತು ಕೇಳಿ ಕಾಡಿಗೆ ಹೋಗಿ, ಯಾರೂ ಕದಲಿಸಲಾಗದ ಜಾಗ ಪಡೆದ ಹುಡುಗ. ಹೆಲಿಕಾಪ್ಟರಿನ ವಿಶೇಷವೇ ಅದು ನೋಡಿ, ಸಾಮಾನ್ಯ ವಿಮಾನ ನಿಂತರೆ ಬೀಳುತ್ತದೆ, ಇದು ಆಕಾಶದಲ್ಲೇ ಅಲುಗದೆ ನಿಲ್ಲುತ್ತದೆ. ಧ್ರುವಗಳಿಗೇ ನವಿಲಿನ ಬಣ್ಣ ಬಳಿದು ಕಸರತ್ತು ತೋರಿಸುವ ವಾಯುಸೇನೆಯ ತಂಡದ ಹೆಸರು ‘ಸಾರಂಗ್’. ಅವರ ಲೆಕ್ಕದಲ್ಲಿ ಸಾರಂಗ ಎಂದರೆ ನವಿಲು. ನಾವು ಕನ್ನಡದವರು ಜಿಂಕೆಗೆ ಯಾಕಪ್ಪ ಗರಿ ಬಂತು ಎಂದು ಕಣ್ಣುಜ್ಜಿಕೊಳ್ಳಬೇಕು!

ಹೆಸರು ಚಂದವಿದ್ದ ಮಾತ್ರಕ್ಕೆ ಕಾಯುತ್ತದೆಯೇ ಎಂದರೆ, ಇಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ತೀರಿಕೊಂಡರು. ಆಮೇಲೆ ದೇಶದ ಧ್ರುವಗಳನ್ನೆಲ್ಲ ಕೆಳಗಿಳಿಸಿ ತಿಂಗಳುಗಟ್ಟಲೆ ಪರೀಕ್ಷೆ ಮಾಡಿದರು. ಕದಲದವನು ಎಂದು ಹೆಸರಿಟ್ಟದ್ದು ನಿಜಕ್ಕೂ ಕದಲದೆ ನೆಲದಲ್ಲಿ ಕುಳಿತಿತ್ತು. ಆ ಮೂರು ಮನೆಗಳಲ್ಲಿ ಈಗ ಆ ಹೆಸರು ಹೇಗೆ ಕೇಳಿಸುತ್ತದೋ.

ನಮ್ಮ ಊರಿನ ಕಡೆಗೇ ತಿರುಗೋಣ. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದವಳು, ಚೌಟರ ಮನೆತನದವಳು. ಆ ಚೌಟರ ಅರಮನೆ ಇವತ್ತಿಗೂ ಮೂಡಬಿದ್ರೆಯಲ್ಲಿದೆ. ಬಂಟ್ವಾಳದ ಸಂಚಯಗಿರಿಯಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರವೇ ಉಂಟು, ನೋಡದವರು ಮಕ್ಕಳನ್ನು ಕರೆದುಕೊಂಡು ಹೋಗಿ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ‘ರಾಣಿ ಅಬ್ಬಕ್ಕ’ ಎಂದು ಹೆಸರಿಟ್ಟರು. ಕಡಲಿನವಳಿಗೆ ಕಡಲೇ ಸಿಕ್ಕಿತು, ಸರಿ. ಆದರೆ ಆಕಾಶ ಖಾಲಿಯೇ ಇದೆಯಲ್ಲ! ಪಕ್ಕದ ಮನೆಯವರು ‘ಓಬವ್ವ’ ಎಂದು ಇಡಬೇಕಿತ್ತು ಎನ್ನುತ್ತಾರೆ. ಒನಕೆ ಹಿಡಿದವಳು ಹೆಲಿಕಾಪ್ಟರಿಗೆ ಸಾಲದೇ ಎಂದು ಅವರ ವಾದ.

ಇಟ್ಟ ಹೆಸರೇ ಉಳಿಯುತ್ತದೆ ಎಂಬ ಭರವಸೆ ಮಾತ್ರ ಬೇಡ. ಬೆಳ್ತಂಗಡಿಯ ಆ ದೊಡ್ಡ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟನಂತೆ. ಅದಕ್ಕೂ ಮೊದಲಿನ ಹೆಸರು ನರಸಿಂಹಗಡ. ಬಸ್ಸಿನಲ್ಲಿ ಹೋಗುವ ನಾವು ತಲೆ ಎತ್ತಿ ನೋಡಿ ಹೇಳುವುದು ಯಾವುದು? ‘ಅದಾ ಗಡಾಯಿಕಲ್ಲು’ ಅಂತ ತಾನೇ! ಬಾಯಿಗೆ ಹತ್ತಿರವಾದದ್ದು ಗೆಲ್ಲುತ್ತದೆ. ಹಾರಾಡುವ ಆ ಹುಳಕ್ಕೆ ನಮ್ಮ ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎನ್ನಲು ಯಾವ ಮಂತ್ರಿಯೂ ಬಂದು ನಾಮಕರಣ ಮಾಡಬೇಕಾಗಲಿಲ್ಲ.

2025ರ ಮಾರ್ಚಿನಲ್ಲಿ ಸರಕಾರ ಇನ್ನೂ 156 ಪ್ರಚಂಡಗಳಿಗೆ ಒಪ್ಪಂದ ಮಾಡಿಕೊಂಡಿತು. ವಾಯುಸೇನೆಗೆ 66, ಭೂಸೇನೆಗೆ 90, ಖರ್ಚು 62,700 ಕೋಟಿ ರೂಪಾಯಿ. ಆ ಸೊನ್ನೆಗಳನ್ನು ನನ್ನ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದು ನೋಡಿದೆ, ಸಾಲೇ ಸಾಲಲಿಲ್ಲ. ತಯಾರಾಗುವುದು ಬೆಂಗಳೂರಿನಲ್ಲಿ ಮತ್ತು ತುಮಕೂರಿನಲ್ಲಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಶುರುವಾಯಿತು. ಅಲ್ಲಿ ಆ ದಿನ ತೋರಿಸಿದ ಇನ್ನೊಂದು ಪುಟ್ಟ ಹೆಲಿಕಾಪ್ಟರ್ ಚೇತಕ್ ಚೀತಾಗಳ ಜಾಗಕ್ಕೆ ಬರಬೇಕಾದದ್ದು. ಅದರ ಹೆಸರು? ಎಲ್.ಯು.ಎಚ್. ಮತ್ತೆ ಮೂರಕ್ಷರ, ಮತ್ತೆ ಬಾಬು!

ಗುಬ್ಬಿಯ ನೆಲದಲ್ಲಿ ಹುಟ್ಟುವ ಮಗುವಿಗೆ ಹಕ್ಕಿಯ ಹೆಸರೇ ಯಾಕಾಗಬಾರದು ಎಂದು ನನಗೆ ಕಂಡಿತು. ನೇತ್ರಾವತಿಯ ಮೇಲೆ ಕಪ್ಪುಬಿಳುಪಿನ ಮಿಂಚುಳ್ಳಿಯನ್ನು ನೋಡಿದ್ದೀರಲ್ಲ? ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ, ಮೀನು ಕಂಡೊಡನೆ ನೆಟ್ಟಗೆ ಇಳಿಯುತ್ತದೆ. ಹೆಲಿಕಾಪ್ಟರಿಗೆ ಅದಕ್ಕಿಂತ ಒಪ್ಪುವ ಹಕ್ಕಿ ಇನ್ನೊಂದಿಲ್ಲ. ‘ಮಿಂಚುಳ್ಳಿ’ ಎಂದರೆ ಮಿಂಚೂ ಬಂತು, ಕನ್ನಡವೂ ಬಂತು. ಬೇರೆ ರಾಜ್ಯದವರ ನಾಲಿಗೆ ಹೊರಳುವುದಿಲ್ಲ ಎಂದು ನಮ್ಮವರ ಆಕ್ಷೇಪ. ಅಲುಯೆಟ್ ಹೊರಳಿಸಿದವರಿಗೆ ಇದು ಎಂಥ ಕಷ್ಟ!

ನಿಮಗೆ ಬೇರೆ ಹೆಸರು ಹೊಳೆದರೆ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ನನ್ನ ಷರತ್ತು ಎರಡೇ. ಅಂಗಳದಲ್ಲಿ ನಿಂತು ಕೂಗಿದರೆ ತೋಟದ ಕೊನೆಗೆ ಕೇಳುವಷ್ಟು ಚಿಕ್ಕದಿರಬೇಕು, ರೇಡಿಯೋದಲ್ಲಿ ಅವಸರದಲ್ಲಿ ಕರೆಯುವವರಿಗೂ ಅದೇ ಬೇಕಾದ್ದು. ಮತ್ತೆ, ಆ ಹೆಸರು ಅದರಲ್ಲಿ ಕುಳಿತು ಹೋಗುವ ಹುಡುಗ ಹುಡುಗಿಯರ ತಾಯಂದಿರಿಗೆ ಹೇಳಲು ಹೆದರಿಕೆ ಆಗಬಾರದು. ಅತ್ತೆಯವರು ತಮ್ಮದನ್ನು ಈಗಾಗಲೇ ಹೇಳಿಯಾಗಿದೆ, ‘ಗಿರಗಿಟ್ಲೆ’.